ಮಗ್ಗದ ಕುಣಿಯಲ್ಲಿ ಕೆತ್ತಿದ ಮುಖಗಳು

ನಮ್ಮ ಮನೆಗೆ ಹೊಸದಾಗಿ ಬಂದವರು ಕಾಲಕೆಳಗೆ ನೋಡಿಕೊಂಡು ನಡೆಯಬೇಕಾಗಿತ್ತು. ಪಡಸಾಲೆಯ ನಡುವೆ ಮೊಣಕಾಲು ಮುಳುಗುವಷ್ಟು ಆಳದ ಕುಣಿ. ಇಳಕಲ್ಲಿನ ನಮ್ಮ ಓಣಿಯಲ್ಲಿ ಅದೇನು ದೊಡ್ಡ ಸಂಗತಿಯಲ್ಲ. ಮನೆಮನೆಯಲ್ಲೂ ಮಗ್ಗ, ಮಗ್ಗದ ಕೆಳಗೆ ಕುಣಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯುವವರು. ನಮ್ಮಲ್ಲಿ ಕುಣಿ ಇತ್ತು, ಮಗ್ಗ ಇರಲಿಲ್ಲ. ಅಜ್ಜ ತೀರಿಕೊಂಡ ಮೇಲೆ ಅಪ್ಪ ಮಗ್ಗ ಬಿಚ್ಚಿದ್ದ. ಬಿಚ್ಚಿದ ಹಲಗೆಗಳನ್ನು ಮಾರಲಿಲ್ಲ, ಕುಣಿಯನ್ನು ಮುಚ್ಚಲೂ ಇಲ್ಲ. ಹೈಸ್ಕೂಲಿನಲ್ಲಿ ಚಿತ್ರಕಲೆ ಮಾಸ್ತರನಾಗಿದ್ದ ಅವನು ಸಂಜೆ ಮನೆಗೆ ಬಂದು ಅಂಗಿ ಕಳಚಿ, ತನ್ನ ಅಪ್ಪ ಕೂರುತ್ತಿದ್ದ ಕುಣಿಯಲ್ಲಿ ತಾನೂ ಕಾಲು ಇಳಿಬಿಟ್ಟು ಕೂತು, ಆ ಮಗ್ಗದ ಹಲಗೆಗಳ ಮೇಲೆಯೇ ಉಳಿ ಹಿಡಿದು ಮುಖಗಳನ್ನು ಕೆತ್ತುತ್ತಿದ್ದ. ಕುಣಿಯ ಇನ್ನೊಂದು ಅಂಚಿನಲ್ಲಿ ನಾನು ಕಾಲು ಇಳಿಬಿಟ್ಟು ಸಾಲೆಯ ಅಭ್ಯಾಸ ಬರೆಯುತ್ತಿದ್ದೆ. ಒಳಗೆ ನಮ್ಮಿಬ್ಬರ ಪಾದಗಳು ಒಂದಕ್ಕೊಂದು ತಾಗುತ್ತಿದ್ದವು. ಅಪ್ಪನ ಪಾದ ಎಂದೂ ಸುಮ್ಮನಿರುತ್ತಿರಲಿಲ್ಲ. ಕೈ ಕೆತ್ತಿದಂತೆ ಕಾಲು ಕುಣಿಯುತ್ತಿತ್ತು. ನಾನು ಇಂದಿಗೂ ಒಂದು ಕಡೆ ನೆಟ್ಟಗೆ ಕೂರಲಾರೆ. ಊಟಕ್ಕೆ ಕೂತರೂ ಕಾಲು ಅಲ್ಲಾಡಿಸುತ್ತೇನೆ, ಬಸ್ಸಿನಲ್ಲಿ ಪಕ್ಕದವರು ಬೈಯುತ್ತಾರೆ. ಅದು ಆ ಕುಣಿಯಿಂದ ಬಂದದ್ದು ಎಂದು ನಾನು ನಂಬಿದ್ದೇನೆ.

ಅಪ್ಪನ ಕೆಲಸ ಹೀಗೆ: ಹಲಗೆಯ ಮೇಲೆ ಚಿತ್ರ ಕೆತ್ತುವುದು, ದೀಪದ ಕಾಡಿಗೆಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ ಮಸಿ ಮಾಡಿ ಅದಕ್ಕೆ ಬಳಿಯುವುದು, ಮೇಲೊಂದು ತೆಳ್ಳನೆ ಹಾಳೆ ಹಾಸಿ ಒತ್ತಿ ಉಜ್ಜುವುದು. ಹಾಳೆ ಎತ್ತಿದರೆ ಕರಿ ಬಿಳಿ ಚಿತ್ರ. ಉಜ್ಜಲಿಕ್ಕೆ ಅವನಿಗೆ ಬೇಕಾಗುತ್ತಿದ್ದುದು ಅವ್ವನ ಅಡಿಗೆಮನೆಯ ಕಟ್ಟಿಗೆ ಸೌಟು. ಬೇರೆ ಯಾವುದೂ ನಡೆಯುತ್ತಿರಲಿಲ್ಲ, ಆ ಸೌಟಿನ ಬೆನ್ನೇ ಆಗಬೇಕು. ಅವ್ವ ಬೇಳೆ ತಿರುವಲು ಕೈಚಾಚಿದಾಗ ಸೌಟು ಇರುತ್ತಿರಲಿಲ್ಲ. ಸಿಕ್ಕಾಗ ಮಸಿ ಮೆತ್ತಿಕೊಂಡಿರುತ್ತಿತ್ತು. ನಮ್ಮ ಮನೆಯ ಜಗಳಗಳಲ್ಲಿ ಅರ್ಧ ಸೌಟಿನದು, ಉಳಿದರ್ಧ ಅಗಸೆ ಎಣ್ಣೆಯ ವಾಸನೆಯದು. ಆಯಿಗೆ, ಅಂದರೆ ಅಪ್ಪನ ಅವ್ವನಿಗೆ, ಬೇರೆಯೇ ತಕರಾರು. ಆಕೆ ಆ ಮಗ್ಗದ ಮೇಲೆ ಅರ್ಧ ಆಯುಷ್ಯ ಸವೆಸಿದವಳು.

"ನಿಮ್ಮಪ್ಪ ಇದರ ಮ್ಯಾಲ ಕುಂತ್ರ ಸೀರಿ ಬರತಿತ್ತು. ನೀ ಕುಂತ್ರ ಏನ ಬರತೈತೋ ಯಪ್ಪಾ?"

"ಮುಖ ಬರತಾವ ಯವ್ವಾ."

"ಮುಖ ಉಟಗೊಳ್ಳಾಕ ಬರತಾವೇನು?"

ಇದಕ್ಕೆ ಅಪ್ಪ ಬಿದ್ದು ಬಿದ್ದು ನಗುತ್ತಿದ್ದ. ಅವನು ಕೆತ್ತುತ್ತಿದ್ದ ಮುಖಗಳು ಕ್ಯಾಲೆಂಡರಿನ ಮುಖಗಳಲ್ಲ. ಗದ್ದ ಚೂಪು, ಕಣ್ಣು ಒಂದು ಮೇಲೆ ಒಂದು ಕೆಳಗೆ, ಕೈಗಳು ಮೈಗಿಂತ ದೊಡ್ಡವು. ನಳದ ಮುಂದೆ ಕೊಡ ಹಿಡಿದು ನಿಂತ ಹೆಂಗಸರು, ಬಣ್ಣ ಹಾಕಿ ಹಾಕಿ ಮೊಣಕೈವರೆಗೆ ಕಪ್ಪಾದ ನೂಲು ಬಣ್ಣಗಾರ, ಹೊಗೆಯಲ್ಲಿ ಕೂತ ನಮ್ಮ ಆಯಿ. ಆಯಿ ತನ್ನ ಚಿತ್ರ ನೋಡಿ, ನಾ ಇಷ್ಟ ಕೆಟ್ಟ ಅದೇನೇನು ಎಂದು ಎರಡು ದಿನ ಮುನಿಸಿಕೊಂಡಿದ್ದಳು. ಆಮೇಲೆ ಓಣಿಯವರನ್ನೆಲ್ಲ ಕರೆದು ಕರೆದು ಅದನ್ನೇ ತೋರಿಸಿದಳು.

ಹೀಗೆ ಕೆತ್ತುವುದನ್ನು ಅಪ್ಪ ಕಲಿತದ್ದು ಒಂದು ಪುಸ್ತಕದಿಂದ. ಮುಂಬೈಯಲ್ಲಿ ಚಿತ್ರಕಲೆ ಕಲಿಯುವಾಗ ಅಲ್ಲಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಮುದುಕನೊಬ್ಬನ ಪರಿಚಯವಾಗಿತ್ತಂತೆ. ಆ ಮನುಷ್ಯ ಹುಡುಗರನ್ನು ಮನೆಗೆ ಕರೆದು ಚಹಾ ಕೊಟ್ಟು ತನ್ನ ದೇಶದ ಚಿತ್ರಗಳನ್ನು ತೋರಿಸುತ್ತಿದ್ದ. ಊರಿಗೆ ಹೊರಟಾಗ ಅಪ್ಪನ ಕೈಗೆ ಈ ಪುಸ್ತಕ ಕೊಟ್ಟ. ದಪ್ಪನೆಯ ಪುಸ್ತಕ, ನಮ್ಮ ಮನೆಯಲ್ಲಿ ಯಾರಿಗೂ ಓದಲು ಬಾರದ ಜರ್ಮನ್ ಅಕ್ಷರಗಳು, ನಡುನಡುವೆ ಬಣ್ಣದ ಪುಟಗಳು. ಕೈ ತೊಳೆದುಕೊಂಡು ಬಂದರೆ ಮಾತ್ರ ನನಗೆ ಮುಟ್ಟಲು ಕೊಡುತ್ತಿದ್ದ. ಹಸಿರು ಮುಖದ ಹೆಂಗಸರು, ಬೆಂಕಿ ಬಿದ್ದಂಥ ಕೆಂಪು ಬೀದಿ, ಸತ್ತ ಕೂಸನ್ನು ತನ್ನೊಳಗೇ ಮತ್ತೆ ಹುದುಗಿಸಿಕೊಳ್ಳುವಂತೆ ತಬ್ಬಿದ ತಾಯಿ, ಅಪ್ಪ ಕೆತ್ತುವಂಥವೇ ಕರಿ ಬಿಳಿ ಮುಖಗಳು. ಅವ್ವ ಆ ತಾಯಿಯ ಪುಟ ಬಂದರೆ ಎದ್ದು ಹೋಗುತ್ತಿದ್ದಳು. ನನ್ನ ಬೆನ್ನಿಗೆ ಹುಟ್ಟಿದ ಒಂದು ಕೂಸು ಅವಳ ಕೈಯಲ್ಲೇ ಹೋಗಿತ್ತು. ಆಯಿಗೆ ಹಿಡಿಸಿದ್ದು ನೀಲಿ ಕುದುರೆಗಳ ಪುಟ. ಒಂದರ ಬೆನ್ನಿಗೊಂದು ಕತ್ತು ಬಗ್ಗಿಸಿ ನಿಂತ ಕುದುರೆಗಳು, ಅಪ್ಪಟ ನೀಲಿ. ಮುಂದಿನ ಪುಟದಲ್ಲಿ ಜಿಗಿಯುವ ಹಳದಿ ಆಕಳು. ಮೊದಲ ಸಲ ನೋಡಿದಾಗ ಆಯಿ ಪುಸ್ತಕವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಅವರಿಗೂ ಕಾರಹುಣ್ಣಿವಿ ಐತೇನೋ?"

ಕಾರಹುಣ್ಣಿಮೆಗೆ ನಮ್ಮ ಕಡೆ ಎತ್ತಿನ ಮೈಗೆ, ಕೋಡಿಗೆ ಬಣ್ಣ ಬಳಿದು ಓಡಿಸುತ್ತಾರೆ. ಆ ದಿನ ಕೆಂಪು ಎತ್ತು, ನೀಲಿ ಕೋಡು ಕಂಡರೆ ಯಾರೂ ಆಶ್ಚರ್ಯಪಡುವುದಿಲ್ಲ. ಜರ್ಮನಿಯ ರೈತರೂ ಹಬ್ಬಕ್ಕೆ ಬಣ್ಣ ಬಳಿದಿದ್ದಾರೆ, ಯಾರೋ ಪುಣ್ಯಾತ್ಮ ಕೂತು ಅದರ ಚಿತ್ರ ಬರೆದಿದ್ದಾನೆ, ಅಷ್ಟೇ ಎಂದು ಆಯಿ ತಿಳಿದಳು. ನಾನು ನಕ್ಕೆ. ಅಪ್ಪ ನಗಲಿಲ್ಲ. ಮುಂಬೈಯಲ್ಲಿ ದೊಡ್ಡ ದೊಡ್ಡವರು ಕೂಡ ಕುದುರೆ ಯಾಕೆ ನೀಲಿ ಎಂದು ವಾದ ಮಾಡುತ್ತಿದ್ದರು, ನನ್ನ ಅವ್ವ ಒಬ್ಬಳೇ ಕೇಳಲಿಲ್ಲ ನೋಡು ಎಂದು ಹೆಮ್ಮೆಪಟ್ಟ.

ಆ ಚಿತ್ರಗಳಿಗೆ ಏನಾಯಿತು ಎಂಬುದನ್ನು ಅಪ್ಪ ಹೇಳುತ್ತಿದ್ದುದು ಊಟದ ಹೊತ್ತಿನಲ್ಲಿ. ರೊಟ್ಟಿ ಮುರಿಯುತ್ತ ಶುರು ಮಾಡಿದರೆ ಕೈ ಒಣಗುವವರೆಗೆ ಹೇಳುತ್ತಿದ್ದ. ಆ ದೇಶವನ್ನು ಆಳಿದವನು ಹರೆಯದಲ್ಲಿ ತಾನೂ ಚಿತ್ರಗಾರನಾಗಬೇಕೆಂದು ಹೋಗಿದ್ದನಂತೆ, ಕಲಾಶಾಲೆಯವರು ಸೇರಿಸಿಕೊಂಡಿರಲಿಲ್ಲವಂತೆ. ಮುಂದೆ ಅಧಿಕಾರ ಕೈಗೆ ಬಂದಮೇಲೆ ಇಂಥ ಚಿತ್ರಗಳನ್ನೆಲ್ಲ ಗೋಡೆಗಳಿಂದ ಇಳಿಸಿದನಂತೆ. ಇವು ರೋಗಿಷ್ಟ ಚಿತ್ರಗಳು, ದೇಶಕ್ಕೆ ಅವಮಾನ ಎಂದು ಹೇಳಿ, ಇಕ್ಕಟ್ಟಾದ ಕೋಣೆಗಳಲ್ಲಿ ಬೇಕೆಂದೇ ಸೊಟ್ಟಗೆ ತೂಗುಹಾಕಿ, ಪಕ್ಕದಲ್ಲಿ ಗೋಡೆಯ ಮೇಲೆ ಬೈಗುಳ ಬರೆಸಿ, ಜನ ಬಂದು ನಗಲಿ ಎಂದು ಬಾಗಿಲು ತೆರೆದನಂತೆ. ಜನ ಸಾಲುಹಚ್ಚಿ ಬಂದು ನಕ್ಕರಂತೆ. ಎದುರಿಗೇ ಇನ್ನೊಂದು ದೊಡ್ಡ ಕಟ್ಟಡದಲ್ಲಿ ಅವನಿಗೆ ಹಿಡಿಸಿದ ಚಿತ್ರಗಳು: ಗುಂಡು ಗುಂಡಾದ ಮಕ್ಕಳು, ನಗುವ ತಾಯಂದಿರು, ಗಟ್ಟಿಮುಟ್ಟಾದ ಗಂಡಸರು. ಇಳಿಸಿದ ಚಿತ್ರಗಳಲ್ಲಿ ಕೆಲವನ್ನು ಮಾರಿದರು, ಕೆಲವನ್ನು ಬೆಂಕಿ ನಂದಿಸುವವರ ಅಂಗಳದಲ್ಲೇ ರಾಶಿ ಹಾಕಿ ಸುಟ್ಟರಂತೆ. ಕೆಲವು ಚಿತ್ರಗಾರರಿಗೆ ಮನೆಯೊಳಗೂ ಚಿತ್ರ ಬರೆಯಕೂಡದೆಂದು ಹುಕುಂ ಆಗಿತ್ತು.

"ಸುಮ್ಮ ಹುಕುಂ ಅಲ್ಲ. ಮನಿಗೇ ಬಂದು ನೋಡತಿದ್ರಂತ. ಕುಂಚ ಹಸಿ ಐತೋ ಒಣಗೇತೋ ಅಂತ ಬೆರಳಲೆ ಮುಟ್ಟಿ ನೋಡತಿದ್ರಂತ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅವ್ವನ ಹೆಸರು ಗಂಗಾ. ಬಾದಾಮಿ ಕಡೆಯವಳು, ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು, ಅಪ್ಪನ ಇಂಥ ಕಥೆಗಳಿಗೆ ಕಿವಿಗೊಡದೆ ರೊಟ್ಟಿ ಬಡಿಯುವುದೇ ಅವಳ ರೂಢಿ.

"ಅವರ ಹೆಂಡ್ರು ಏನ ಮಾಡತಿದ್ರು?"

"ಯಾರ ಹೆಂಡ್ರು?"

"ಆ ಚಿತ್ರ ತಗಿಯಾವರ ಹೆಂಡ್ರು. ಬಾಗಲಾ ಬಡದ್ರ ಮೊದ್ಲ ಎದ್ದು ತಗಿಯಾವರು ಅವರಲ್ಲೇನ್ರಿ?"

ಅಪ್ಪ ರೊಟ್ಟಿಯ ತುಂಡನ್ನು ತಾಟಿಗೆ ಇಳಿಸಿದ. ಆ ಪುಸ್ತಕ ಕೊಟ್ಟ ಮುದುಕ ಅದನ್ನು ಹೇಳಿರಲಿಲ್ಲ.

"ಗೊತ್ತಿಲ್ಲ. ಪುಸ್ತಕದಾಗ ಬರದಿದ್ರೂ ನನಗ ಓದಾಕ ಬರೂದಿಲ್ಲಲ," ಎಂದ.

ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ನನಗೆ ಆ ಕಥೆ ದೂರದ ಕಥೆಯಾಗಿತ್ತು, ರಾಕ್ಷಸರ ಕಥೆಯ ಹಾಗೆ. ಅವ್ವ ಅದನ್ನು ಅಡಿಗೆಯ ವಿಧಾನ ಕೇಳಿಕೊಳ್ಳುವಂತೆ ಕೇಳಿಕೊಂಡಿದ್ದಳು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ತುರ್ತು ಪರಿಸ್ಥಿತಿ ಬಂತು. ನಮ್ಮ ಊರಿಗೆ ಅದು ಮೊದಲು ಬಂದದ್ದು ಗೋಡೆಗಳ ಮೇಲೆ. ಹೆಚ್ಚು ದುಡಿಯಿರಿ, ಕಡಿಮೆ ಮಾತಾಡಿ ಎಂಬಂಥ ಬರಹ, ಕೆಂಪು ತ್ರಿಕೋನ. ಬಸ್ಸುಗಳು ಹೊತ್ತಿಗೆ ಸರಿಯಾಗಿ ಹುನಗುಂದಕ್ಕೆ ಹೋಗುತ್ತವೆ ಎಂದು ಓಣಿಯಲ್ಲಿ ಹಲವರಿಗೆ ಖುಷಿ ಕೂಡ ಆಗಿತ್ತು. ಆಮೇಲೆ ಮಾಸ್ತರರಿಗೆ ಆಜ್ಞೆ ಬಂತು: ಒಬ್ಬೊಬ್ಬರೂ ಮಕ್ಕಳಾಗದಂತೆ ಮಾಡುವ ಆಪರೇಶನ್ನಿಗೆ ಜನರನ್ನು ಒಪ್ಪಿಸಿ ಕರೆತರಬೇಕು, ತರದಿದ್ದರೆ ಪಗಾರ ನಿಲ್ಲುತ್ತದೆ. ಗಣಿತದ ಮಾಸ್ತರರು ಸಂತೆಯಲ್ಲಿ ಕುರಿ ಕಾಯುವವರ ಹಿಂದೆ ಬಿದ್ದು ಬೇಡಿಕೊಳ್ಳುತ್ತಿದ್ದರು. ಅಪ್ಪನಿಗೆ ಇದರಿಂದ ವಿನಾಯಿತಿ ಸಿಕ್ಕಿತು, ಏಕೆಂದರೆ ಅವನು ಚಿತ್ರಕಲೆಯವನು. ದವಾಖಾನೆಯ ಕಂಪೌಂಡಿನ ಉದ್ದಕ್ಕೂ ಸುಖೀ ಕುಟುಂಬದ ಚಿತ್ರ ಬರೆಯುವ ಕೆಲಸ ಅವನ ಪಾಲಿಗೆ ಬಂತು. ಚೆನ್ನಾಗಿಯೇ ಬರೆದ. ಗಂಡ, ಹೆಂಡತಿ, ಒಂದು ಗಂಡು, ಒಂದು ಹೆಣ್ಣು, ನಾಲ್ವರದೂ ಗುಂಡು ಗುಂಡು ಗುಲಾಬಿ ಕೆನ್ನೆ, ಎಲ್ಲರೂ ಹಲ್ಲು ತೋರಿಸಿ ನಗುವವರೇ. ಊರವರು ನಿಂತು ನೋಡಿ ಶಹಬ್ಬಾಸ್ ಎಂದರು. ಅವ್ವ ಆ ಕಡೆ ಹೋಗುವ ಕೆಲಸವಿಲ್ಲದಿದ್ದರೂ ದಿನಾ ಆ ಗೋಡೆಯ ಮುಂದೆ ಹಾದು ಬರುತ್ತಿದ್ದಳು. ತನ್ನ ಗಂಡನಿಗೂ ನೆಟ್ಟನೆಯ ಮೂಗು ಬರೆಯಲು ಬರುತ್ತದೆ ಎಂದು ಊರಿಗೆಲ್ಲ ಗೊತ್ತಾಯಿತಲ್ಲ ಎಂಬ ಸಮಾಧಾನ ಅವಳಿಗೆ. ಅಪ್ಪನಿಗೆ ಮಾತ್ರ ಆ ಗೋಡೆಯ ಮುಂದೆ ಮುಖ ಎತ್ತಲಾಗಲಿಲ್ಲ. ಗೋಡೆಯ ಕೆಲಸ ಮಾಡುವಾಗ ದವಾಖಾನೆಯ ಒಳಗಿನ ಬೆಂಚು ಅವನ ಕಣ್ಣಿಗೆ ಬೀಳುತ್ತಿತ್ತು. ಅದರ ಮೇಲೆ ಕೂತ ಗಂಡಸರು ತೊಡೆ ಬಿಗಿದುಕೊಂಡು, ತಲೆ ತಗ್ಗಿಸಿಕೊಂಡು ತಮ್ಮ ಪಾಳಿಗಾಗಿ ಕಾಯುತ್ತಿದ್ದರು.

ಆ ಮಳೆಗಾಲವೆಲ್ಲ ಅಪ್ಪ ಆ ಬೆಂಚನ್ನು ಕೆತ್ತಿದ. ಮಗ್ಗದ ಎಲ್ಲಕ್ಕಿಂತ ದೊಡ್ಡ ಹಲಗೆ. ಅದರ ತುಂಬ ಗಂಡಸರು, ಒಬ್ಬನ ಭುಜಕ್ಕೆ ಒಬ್ಬನ ಭುಜ, ಕೈಗಳು ತೊಡೆಗಳ ನಡುವೆ. ಬಾಗಿಲು ಕಾಯುವ ಪೊಲೀಸನಿಗೆ ಮುಖ ಇರಲಿಲ್ಲ, ಅಂಗಿಯ ಬಟನ್ನುಗಳಿದ್ದವು. ಮೊದಲ ಪ್ರತಿ ತೆಗೆದ ದಿನ ನಾನು ಹಾಳೆಯ ಒಂದು ತುದಿ ಹಿಡಿದಿದ್ದೆ. ನನಗೆ ಹೆದರಿಕೆಯಾಯಿತು, ಹೆಮ್ಮೆಯೂ ಆಯಿತು. ಎರಡೂ ಒಟ್ಟಿಗೆ ಆಗಬಹುದು ಎಂದು ಆಗ ತಿಳಿಯಿತು. ಕೆಳಗೆ ನಿನ್ನ ಹೆಸರು ಕೆತ್ತು ಎಂದು ನಾನು ಹಟ ಹಿಡಿದೆ. ಅಕ್ಷರವನ್ನು ತಿರುವುಮುರುವಾಗಿ ಕೆತ್ತಬೇಕಾಗುತ್ತದೆ, ಆ ತ್ರಾಸು ಯಾರಿಗೆ ಬೇಕು ಎಂದ. ಅವನ ಯಾವ ಚಿತ್ರದ ಮೇಲೂ ಹೆಸರಿರಲಿಲ್ಲ, ಒಂದು ಅಕ್ಷರವೂ ಇರಲಿಲ್ಲ.

ದೀಪಾವಳಿಗೆ ಮೊದಲು ಬಾಗಲಕೋಟೆಯಿಂದ ಸೋದರಮಾವ ಬಂದ. ಅವ್ವನ ಅಣ್ಣ, ಅಲ್ಲಿ ಕಚೇರಿಯೊಂದರಲ್ಲಿ ಕಾರಕೂನ. ಬಂದವನು ಚಪ್ಪಲಿ ಬಿಡುವ ಮೊದಲೇ ಬಾಗಿಲು ಹಾಕಿದ. ಅಲ್ಲಿನ ವಿದ್ಯಾಗಿರಿಯಲ್ಲಿ ಅವನ ಬಾಜೂ ಮನೆಯ ಮಾಸ್ತರರನ್ನು ಪೊಲೀಸರು ಕರೆದುಕೊಂಡು ಹೋಗಿದ್ದರು. ಸಭೆಯಲ್ಲಿ ಏನೋ ಮಾತಾಡಿದ್ದರಂತೆ. ಮನೆ ಶೋಧಿಸಿ, ಹಳೆಯ ಪತ್ರಿಕೆಗಳ ಗಂಟನ್ನೂ ಬಿಡದೆ ಹೊತ್ತೊಯ್ದಿದ್ದರು. ಹೇಳುತ್ತ ಹೇಳುತ್ತ ಮಾವನ ಕಣ್ಣು ಗೋಡೆಗೆ ಒರಗಿಸಿದ್ದ ಬೆಂಚಿನ ಹಲಗೆಯ ಮೇಲೆ ಬಿತ್ತು. ಅದನ್ನು ತಿರುವಿ ಗೋಡೆಗೆ ಮುಖ ಮಾಡಿಟ್ಟ.

"ಇದೇನ್ರಿ ಭಾವಾ, ಮನ್ಯಾಗ ಇಂಥಾದ್ದು ಇಟಗೊಂಡು ಕುಂತೀರಿ? ನೌಕರಿ ಬ್ಯಾಡಾಗೇತೇನು?"

"ಇದು ಕಟ್ಟಿಗಿ ಐತೋ ಮಾರಾಯಾ. ಯಾರ ನೋಡಾಕ ಬರತಾರ ಇಳಕಲ್ಲಿನ ಕುಣ್ಯಾಗ?"

"ಆ ಮಾಸ್ತರ್ರೂ ಹಿಂಗ ಅಂತಿದ್ರು."

ಮಾವ ಚಹಾ ಕುಡಿದು ಹೋದ. ಅಂದಿನಿಂದ ಅವ್ವನ ಕಣ್ಣಿಗೆ ನಿದ್ದೆ ಇಲ್ಲವಾಯಿತು. ಸೈಕಲ್ಲಿನ ಗಂಟೆ ಕೇಳಿದರೆ ಕೈಯಲ್ಲಿ ಹಿಟ್ಟಿದ್ದರೂ ಬಾಗಿಲಿಗೆ ಹೋಗುವಳು. ಅಪ್ಪ ಕೆಲಸ ಮುಗಿಸಿ ಎದ್ದೊಡನೆ ಅವನ ಉಳಿಗಳನ್ನು, ಮಸಿ ಬಳಿಯುವ ಬಟ್ಟೆಯನ್ನು ತನ್ನ ಸೆರಗಿನಿಂದ ಒರೆಸಿ ಒರೆಸಿ ಒಣಗಿಸಿಡುವಳು; ಆಮೇಲೆ ಬೆರಳಿಂದ ಮುಟ್ಟಿ ನೋಡುವಳು. ಕಾಡಿಗೆಯ ಬಟ್ಟಲನ್ನು ಒಮ್ಮೆ ಜೋಳ ತುಂಬಿಡುವ ಗುಮ್ಮಿಯಲ್ಲಿ ಬಚ್ಚಿಟ್ಟು ಒಂದು ವಾರ ನಾವು ಬೂದುಬಣ್ಣದ ರೊಟ್ಟಿ ತಿಂದೆವು. ಅವರ ಜಗಳ ಈಗ ಸೌಟಿನದಾಗಿರಲಿಲ್ಲ, ಪಿಸುಮಾತಿನದು. ಪಿಸುಗುಟ್ಟುವ ಜಗಳ ಕೇಳಿ ಬೆಳೆದ ಮಕ್ಕಳಿಗೆ ಗೊತ್ತಿರುತ್ತದೆ, ಅದು ಕೂಗಾಟಕ್ಕಿಂತ ಹೆಚ್ಚು ದೂರ ಕೇಳಿಸುತ್ತದೆ.

"ತಗದಿಡ್ರಿ ಅಂದ್ರ ತಗದಿಡೂದಿಲ್ಲ. ನಿಮ್ಮ ಕೈ ಮುಗೀತೇನಿ."

"ಎಲ್ಲಿ ಇಡಲಿ? ನೀನ ಹೇಳು. ಮತ್ತ ಯಾಕ ಇಡಲಿ?"

"ಈ ಹುಡುಗಿ ಮುಖಾ ನೋಡ್ರಿ."

"ಅದರ ಮುಖಾ ನೋಡೇ ಕೆತ್ತಾಕತ್ತೇನಿ ಗಂಗಾ."

ನರಕಚತುರ್ದಶಿಯ ಬೆಳಿಗ್ಗೆ ನಮ್ಮಲ್ಲಿ ಗಂಡಸರಿಗೆ ಎಣ್ಣೆ ಹಚ್ಚಿ ಆರತಿ ಬೆಳಗುತ್ತಾರೆ, ಆಮೇಲೆ ಸುಡುಸುಡು ನೀರು. ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟಿ ಬಳಿದು, ಕೊರಳಿಗೆ ಬಳ್ಳಿ ಸುತ್ತಿ ಹಿಂದಿನ ದಿನವೇ ನೀರು ತುಂಬಿಟ್ಟಿರುತ್ತಾರೆ. ಓಣಿಯ ಎಲ್ಲ ಮನೆಗಳ ಬಚ್ಚಲ ಒಲೆಯಿಂದಲೂ ಹೊಗೆ ಏಳುವ ದಿನ ಅದು. ಯಾರ ಮನೆಯಲ್ಲಿ ಏನು ಉರಿಯುತ್ತಿದೆ ಎಂದು ಯಾರೂ ಕೇಳುವುದಿಲ್ಲ. ನಾನು ಆರತಿಗೆ ಬೇಕೆಂದು ಬೆಂಕಿ ತರಲು ಬಚ್ಚಲಿಗೆ ಹೋದೆ. ಅವ್ವ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ದಿನವೂ ಹತ್ತಿಕಟ್ಟಿಗೆ, ಕುಳ್ಳು ಉರಿಯುವ ಒಲೆಯಲ್ಲಿ ಅಗಲವಾದ ಹಲಗೆ. ಆಯಿಯ ಮುಖ. ಮೂಗಿನವರೆಗೆ ಉರಿದಿತ್ತು, ಕಣ್ಣು ಇನ್ನೂ ಇದ್ದವು. ಪಕ್ಕದಲ್ಲಿ ನೀರು ಹೊರುವ ಹೆಂಗಸರು, ಬಣ್ಣಗಾರ, ಹಾಳೆಗಳ ಸುರುಳಿ, ಎಲ್ಲ ಸಾಲಾಗಿ ಕಾದಿದ್ದವು. ಬೆಂಚು ಎಲ್ಲಿ ಎಂದು ನೋಡಿದೆ. ಬೆಂಚನ್ನೇ ಮೊದಲು ಹಾಕಿದ್ದಳು. ಬೂದಿಯಲ್ಲಿ ಅದರ ಅಂಚಿನ ಕೆಂಡ ಇನ್ನೂ ಉದ್ದಕ್ಕೆ ಬಿದ್ದಿತ್ತು. ನಾನು ಯವ್ವಾ ಎಂದು ಕಿರುಚಿದೆ. ಅವಳು ಹಿಂತಿರುಗಿ ನೋಡಿದಳು. ಕಣ್ಣು ಕೆಂಪು, ಹೊಗೆಯಿಂದಲೋ ಅಳುವಿನಿಂದಲೋ.

"ನಿನಗ ಅಪ್ಪ ಬೇಕೋ ಕಟ್ಟಿಗಿ ಬೇಕೋ?"

ನನಗೆ ಇವತ್ತಿಗೂ ಸಿಟ್ಟಿದೆ, ಹದಿಮೂರು ವರ್ಷದ ಹುಡುಗಿಗೆ ಇಂಥ ಪ್ರಶ್ನೆ ಕೇಳಿದಳಲ್ಲ ಎಂದು. ಒಂದು ಕೆಂಡ ಕೊಟ್ಟು ಕಳಿಸಿದಳು. ಪಡಸಾಲೆಯಲ್ಲಿ ಅಪ್ಪ ಮಣೆಯ ಮೇಲೆ ಕೂತಿದ್ದ, ತಲೆ ಮೈಯೆಲ್ಲ ಎಣ್ಣೆ. ಆಯಿ ಹಣೆಗೆ ಕುಂಕುಮ ಹಚ್ಚಿದಳು. ನಾನು ತಟ್ಟೆ ಎತ್ತಿ ಬೆಳಗತೊಡಗಿದೆ, ತಟ್ಟೆ ಓರೆಯಾಗಿ ದೀಪ ಆರಿತು. ಆಯಿ ಬೈಯಲು ಬಾಯಿ ತೆರೆದವಳು ತೆರೆದ ಬಾಯಿಯಲ್ಲೇ ವಾಸನೆ ಹಿಡಿದಳು. ಎಷ್ಟೋ ವರ್ಷದ ನೂಲಿನ ಗಂಜಿ, ಎಣ್ಣೆ, ಮೈಬೆವರು ಕುಡಿದ ಕಟ್ಟಿಗೆಯ ಹೊಗೆ ಆಕೆಗೆ ಬೇರೆಯಾಗಿಯೇ ತಿಳಿದಿರಬೇಕು.

"ಯಾರ ಮನ್ಯಾಗೋ ಮಗ್ಗ ಸುಡಾಕತ್ತಾರಲ್ಲೋ ಯಪ್ಪಾ. ಹಬ್ಬದ ದಿನಾ!"

ಅಪ್ಪ ಕುಣಿಯ ಕಡೆ ತಿರುಗಿದ. ಗೋಡೆ ಬರಿದಾಗಿತ್ತು. ಎದ್ದವನೇ ಬಚ್ಚಲಿಗೆ ಹೋದ, ನಾನು ಹಿಂದೆ ಓಡಿದೆ. ಅವ್ವ ಎದ್ದು ನಿಂತಿದ್ದಳು, ಕೈಯಲ್ಲಿ ಬಿಸಿನೀರಿನ ತಂಬಿಗೆ. ಹೊಡೆಯುತ್ತಾನೆ ಎಂದುಕೊಂಡೆ, ನಮ್ಮ ಓಣಿಯಲ್ಲಿ ಅದಕ್ಕಿಂತ ಕಡಿಮೆ ಮಾತಿಗೆ ಹೊಡೆಯುವವರಿದ್ದರು. ಅವನು ಒಲೆಯೊಳಗೆ ನೋಡಿದ. ಎಣ್ಣೆ ಹಚ್ಚಿದ ಎದೆ ಏರಿ ಇಳಿಯುತ್ತಿತ್ತು. ಬಾಗಿ ಒಂದು ಹಲಗೆಯನ್ನು ಎಳೆಯಬಹುದಿತ್ತು, ಎಳೆಯಲಿಲ್ಲ. ಬಚ್ಚಲ ಕಲ್ಲಿನ ಮೇಲೆ ಕೂತ.

"ನೀವ ಹೇಳಿದ್ರಲ್ರೀ," ಎಂದಳು ಅವ್ವ, "ಮನಿಗೇ ಬಂದು ಮುಟ್ಟಿ ನೋಡತಾರಂತ."

"ಹಾಕು," ಎಂದ.

ಅವ್ವ ಹಾಕಿದಳು. ತಂಬಿಗೆಯ ಮೇಲೆ ತಂಬಿಗೆ, ಆ ಬೆಂಕಿಯಲ್ಲಿ ಕಾದ ನೀರನ್ನು ಅವನ ತಲೆಯ ಮೇಲೆ ಹಾಕಿದಳು. ಅವನು ಕಣ್ಣು ಮುಚ್ಚಿಕೊಂಡು ಕೂತೇ ಇದ್ದ. ನೀರು ಬಹಳ ಬಿಸಿಯಾಗಿದ್ದಿರಬೇಕು, ಬೆನ್ನು ಕೆಂಪಾಯಿತು, ಸಾಕು ಎನ್ನಲಿಲ್ಲ. ಆಮೇಲೆ ಅದೇ ನೀರಲ್ಲಿ ಆಯಿ ಮಿಂದಳು, ನಾನೂ ಮಿಂದೆ. ಹಬ್ಬವಲ್ಲವೇ, ಮೀಯದೆ ಇರುವಂತಿರಲಿಲ್ಲ.

ಪುಸ್ತಕ ಮಾತ್ರ ಉಳಿದಿತ್ತು. ಅದೂ ಹೋಗಿದೆ ಎಂದೇ ನಾವು ತಿಳಿದಿದ್ದೆವು. ಪಾಡ್ಯದ ದಿನ ದೇವರ ಮಾಡಿನಲ್ಲಿ, ಬನಶಂಕರಿಯ ಪಟದ ಹಿಂದೆ ಸಿಕ್ಕಿತು, ರಟ್ಟಿನ ಮೇಲೆ ಅರಿಷಿಣ ಕುಂಕುಮದ ಬೊಟ್ಟು ಇಟ್ಟುಕೊಂಡು. ಅಪ್ಪ ಅದನ್ನು ಕೈಯಲ್ಲಿ ಹಿಡಿದುಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತ.

"ಇದನ್ಯಾಕ ಉಳಿಸಿದಿ?"

"ಅದರಾಗ ಅಕ್ಷರ ಅದಾವಲ್ರಿ. ಸರಸ್ವತಿಗೆ ಬೆಂಕಿ ಹಚ್ಚಲೇನು?"

ಅವ್ವನ ಲೆಕ್ಕ ಅದು. ಕಾಲಿಗೆ ಕಾಗದ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಹೆಂಗಸು ಅವಳು, ಆದರೆ ಅಕ್ಷರ ಇರುವ ಕಾಗದ ಮಾತ್ರ. ಅಪ್ಪನ ಹಾಳೆಗಳಲ್ಲಿ ಅಕ್ಷರ ಇರಲಿಲ್ಲ, ಆದ್ದರಿಂದ ಅವು ಸರಸ್ವತಿಯಲ್ಲ, ಸುಡಬಹುದು. ಇಡೀ ಮನೆಯಲ್ಲಿ ಪೊಲೀಸರ ಕಣ್ಣಿಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಾಣಬಹುದಾಗಿದ್ದ ಪರದೇಶದ ಪುಸ್ತಕವನ್ನು ದೇವರ ಪಕ್ಕಕ್ಕಿಟ್ಟು ಕಾಪಾಡಿದ್ದಳು. ಅಪ್ಪ ಒಂದೇ ಒಂದು ಹಲಗೆಯ ಮೂಲೆಯಲ್ಲಿ ತನ್ನ ಹೆಸರು ಕೆತ್ತಿದ್ದರೆ ಅದು ಉಳಿಯುತ್ತಿತ್ತು. ಈಗ ನಾನೇ ಚಿತ್ರಕಲೆ ಪಾಠ ಹೇಳಿ ನಿವೃತ್ತಳಾದವಳು. ಮಕ್ಕಳು ಚಿತ್ರ ತಂದು ತೋರಿಸಿದಾಗ ನಾನು ಮೊದಲು ಹೇಳುತ್ತಿದ್ದ ಮಾತು ಒಂದೇ: ಹೆಸರು ಬರಿ. ಚಿತ್ರ ಹೇಗಿದೆ ಎಂದು ಆಮೇಲೆ ನೋಡುತ್ತಿದ್ದೆ. ಮಕ್ಕಳು ನನ್ನನ್ನು ಹೆಸರಿನ ಟೀಚರ್ ಎಂದು ಅಣಕಿಸುತ್ತಿದ್ದರು.

ಸುಟ್ಟಮೇಲೆ ಅವ್ವ ತಣ್ಣಗಾಗುತ್ತಾಳೆ ಎಂದುಕೊಂಡಿದ್ದೆ, ಆಗಲಿಲ್ಲ. ಮೊದಲಿಗಿಂತ ಹೆಚ್ಚು ಬಾಗಿಲಿಗೆ ಓಡುತ್ತಿದ್ದಳು. ಬೂಟಿನ ಸದ್ದಾದರೆ ಕಿಟಕಿಗೆ ಹೋಗುವಳು, ಅದು ಅಂಚೆಯವನದೆಂದು ಗೊತ್ತಾದಾಗ ಮುಖ ಬಾಡುತ್ತಿತ್ತು. ಅದು ಬಾಡುವುದನ್ನು ನಾನು ಕಂಡೆ, ಕಂಡು ದಿಗಿಲಾದೆ. ಅವ್ವ ಈಗ ಅವರು ಬರಲಿ ಎಂದು ಕಾಯುತ್ತಿದ್ದಳು. ಒಬ್ಬನಾದರೂ ಬಂದು ಪಡಸಾಲೆಯಲ್ಲಿ ನಿಂತು, ಕುಣಿಯಲ್ಲಿ ಇಣುಕಿ, ಏನೂ ಇಲ್ಲವೆಂದು ಹೋದರೆ ಸಾಕಿತ್ತು. ಪಡಸಾಲೆಯನ್ನು ದಿನಕ್ಕೆರಡು ಸಲ ಸಾರಿಸುತ್ತಿದ್ದಳು, ಬರುವವರಿಗಾಗಿಯೇ ಎಂಬಂತೆ. ಅವಳ ಊಟ ಕಡಿಮೆಯಾಯಿತು. ತಾಟು ಮುಂದಿಟ್ಟುಕೊಂಡು ಬಾಗಿಲ ಕಡೆ ನೋಡುತ್ತ ಕೂತು, ಎರಡು ತುತ್ತು ನುಂಗಿ ಎದ್ದುಬಿಡುತ್ತಿದ್ದಳು. ಚಳಿಗಾಲ ಹೋಯಿತು. ಯಾರೂ ಬರಲಿಲ್ಲ. ನಮ್ಮ ಮನೆಯನ್ನು ಹುಡುಕುವಷ್ಟು ದೊಡ್ಡವರೆಂದು ನಮ್ಮನ್ನು ಯಾರೂ ತಿಳಿದಿರಲಿಲ್ಲ. ಅಪ್ಪ ಸಾಲೆಗೆ ಹೋಗಿ ಬಂದು, ಕುಣಿಯಲ್ಲಿ ಕಾಲು ಇಳಿಬಿಟ್ಟು, ಕೈ ಖಾಲಿ ಇಟ್ಟುಕೊಂಡು ಕೂರುತ್ತಿದ್ದ. ಅವ್ವನ ಜೊತೆ ನೀರು ಕೊಡು, ಚಹಾ ಕೊಡು ಎಂಬಷ್ಟೇ ಮಾತು. ಸೌಟು ಈಗ ಸದಾ ಅಡಿಗೆಮನೆಯ ಗೂಟದಲ್ಲೇ ಇರುತ್ತಿತ್ತು. ನಾನು ಅವ್ವನನ್ನು ದ್ವೇಷಿಸುತ್ತಿದ್ದೆ, ಅದನ್ನು ಸುತ್ತುಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಅಪ್ಪ ಮತ್ತೆಂದೂ ಉಳಿ ಹಿಡಿಯಲಿಲ್ಲ. ಎಂಬತ್ತರ ದಶಕದಲ್ಲಿ ನಾನು ಕಲಿಯಲು ಧಾರವಾಡಕ್ಕೆ ಹೋದಾಗ ಕುಣಿಗೆ ಮಣ್ಣು ತುಂಬಿಸಿ ಮೇಲೆ ಕಲ್ಲು ಹಾಸಿದರು, ಆಯಿ ಎಡವುತ್ತಾಳೆ ಎಂದು.

ಹಲಗೆ ಸುಟ್ಟ ನಂತರದ ಯುಗಾದಿಯ ಆಸುಪಾಸಿನಲ್ಲಿ ಚುನಾವಣೆಯ ಫಲಿತಾಂಶ ಬಂತು. ನಮ್ಮ ಕಡೆ ತುರ್ತು ಪರಿಸ್ಥಿತಿ ತಂದವರೇ ಗೆದ್ದಿದ್ದರು, ದಿಲ್ಲಿಯಲ್ಲಿ ಸೋತಿದ್ದರು. ಎಲ್ಲ ಮುಗಿಯಿತು, ಜೇಲಿನಲ್ಲಿದ್ದವರೆಲ್ಲ ಮನೆಗೆ ಬರುತ್ತಿದ್ದಾರೆ ಎಂದು ರೇಡಿಯೋ ಹೇಳುತ್ತಿತ್ತು. ಹಬ್ಬದ ಹೋಳಿಗೆ ಇನ್ನೂ ಉಳಿದಿದ್ದವು, ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಅವ್ವ ಬಡಿಸುತ್ತ ನಿಂತಿದ್ದಳು. ರೇಡಿಯೋ ಕೇಳಿ ಹೋಳಿಗೆಯ ಪುಟ್ಟಿಯನ್ನು ಕೆಳಗಿಟ್ಟು, ನೆಲದ ಮೇಲೆ ಹಾಗೇ ಕೂತುಬಿಟ್ಟಳು.

"ಮುಗದ ಹೋತಲ್ರಿ," ಎಂದಳು. "ಒಬ್ಬರೂ ಬರಲಿಲ್ಲಲ್ರೀ. ನಾ ಸುಮ್ಮ ಸುಮ್ಮನ ಸುಟ್ನಿ. ಒಬ್ಬರಾದ್ರೂ ಬರಬೇಕಾಗಿತ್ತು."

ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಆಯಿ ತಾಟಿನ ಮೇಲೆ ಬಗ್ಗಿದಳು. ಅಪ್ಪ ರೇಡಿಯೋ ಆರಿಸಿದ.

"ಬಂದಿದ್ರು," ಎಂದ.

ಅವ್ವ ಮುಖ ಎತ್ತಿದಳು.

"ಸಾಲಿಗೆ ಬಂದಿದ್ರು. ಇಬ್ಬರು. ದೀಪಾವಳಿ ಸೂಟಿ ಮುಗದ ಮ್ಯಾಲ. ಮಾಸ್ತರ್ರ ಮನ್ಯಾಗ ಏನೋ ಚಿತ್ರಾ ಅದಾವಂತ, ನೋಡಬೇಕು ಅಂದ್ರು. ಬರ್ರಿ, ಈಗ ಹೋಗೂಣು ನಡೀರಿ, ಒಂದ ಹಲಗಿ ಸಿಕ್ರೂ ನನ್ನ ಒಯ್ರಿ ಅಂದೆ. ನನ್ನ ಧೈರ್ಯಾ ನೋಡಿ ಏನೂ ಇಲ್ಲಂತ ತಿಳಕೊಂಡು ಹ್ವಾದ್ರು."

"ಖರೇ?"

"ನೀ ಸುಡದಿದ್ರ ನನ್ನ ಒಯ್ಯತಿದ್ರು ಗಂಗಾ."

"ಮತ್ತ ನನಗ ಹೇಳಬಾರದೇನ್ರಿ ಇಷ್ಟ ದಿನಾ!"

"ಹೆದರತಿದ್ದಿ."

ಅವ್ವ ಕಣ್ಣೊರೆಸಿಕೊಂಡಳು. ಅಪ್ಪನ ತಾಟಿಗೆ ಹೋಳಿಗೆ ಹಾಕಿದಳು, ಆಯಿಗೆ ಹಾಕಿದಳು, ತನಗೂ ಒಂದು ತಾಟು ಎಳೆದುಕೊಂಡಳು. ಅವರು ಬಂದಾಗ ಯಾವ ಬಣ್ಣದ ಅಂಗಿ ತೊಟ್ಟಿದ್ದರು, ಸೈಕಲ್ ಮೇಲೆ ಬಂದಿದ್ದರೋ ಜೀಪಿನಲ್ಲೋ ಎಂದು ಕೇಳುತ್ತ ಉಣ್ಣತೊಡಗಿದಳು. ಅಪ್ಪ ಒಂದೊಂದಕ್ಕೂ ಉತ್ತರ ಹೇಳಿದ. ನಾನು ಅದೇ ಸಾಲೆಯಲ್ಲಿ ಎಂಟನೇ ಇಯತ್ತೆ ಓದುತ್ತಿದ್ದೆ. ನಮ್ಮ ಸಾಲೆಯ ಅಂಗಳಕ್ಕೆ ಹೊಸ ನಾಯಿ ಬಂದರೂ ನಮಗೆಲ್ಲ ಗೊತ್ತಾಗುತ್ತಿತ್ತು. ಜೀಪು ಬಂದಿರಲಿಲ್ಲ, ಯಾರೂ ಬಂದಿರಲಿಲ್ಲ. ಅಪ್ಪ ಕೆತ್ತಿದ ಬೆಂಚಿನ ಬಗ್ಗೆ, ಸುಟ್ಟುಹೋದ ಆಯಿಯ ಮುಖದ ಬಗ್ಗೆ ಇನ್ನು ಮುಂದೆ ಈ ಮನೆಯಲ್ಲಿ ಯಾರೂ ಸಿಟ್ಟಾಗುವಂತಿಲ್ಲ ಎಂದು ಹೊಳೆದು ನನ್ನ ಕಿವಿ ಬಿಸಿಯಾಯಿತು. ನಾನು ಬಾಯಿ ತೆರೆದೆ.

ಅಪ್ಪ ತುಪ್ಪದ ಗಿಂಡಿ ಎತ್ತಿ ನನ್ನ ಹೋಳಿಗೆಯ ಮೇಲೆ ಧಾರಾಳವಾಗಿ ಸುರಿದ.

"ಉಣ್ಣವಾ," ಎಂದ. "ಆರತೈತಿ."

ಅವ್ವ ಎರಡನೆಯ ಹೋಳಿಗೆ ಹಾಕಿಕೊಂಡಳು. ನಾನು ಬಾಯಿ ಮುಚ್ಚಿ ಉಂಡೆ.